ಶಸ್ತ್ರಾಗಾರದ ಚಿತ್ರಪ್ರದರ್ಶನವೂ ಸುಂಕದ ಕಾನೂನೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನ್ಯೂಯಾರ್ಕ್ ನಗರದಲ್ಲಿ ವರ್ಷಕ್ಕೊಮ್ಮೆ ನೂತನ ಚಿತ್ರಶಿಲ್ಪಗಳ ದೊಡ್ಡ ಮೇಳವೊಂದು ನೆರೆಯುವುದುಂಟು. ನಾನಾ ದೇಶಗಳ ಕಲಾವರ್ತಕರು ಅಲ್ಲಿ ಮಳಿಗೆಗಳನ್ನು ಹೂಡಿ, ಬದುಕಿರುವ ಕಲಾವಿದರ ಕೃತಿಗಳನ್ನೂ ಕಳೆದ ಶತಮಾನದವರ ಕೃತಿಗಳನ್ನೂ ಮಾರಾಟಕ್ಕಿಡುತ್ತಾರೆ. ಮೇಳದ ಹೆಸರು ‘ಆರ್ಮರಿ ಷೋ’, ಎಂದರೆ ಶಸ್ತ್ರಾಗಾರದ ಪ್ರದರ್ಶನ. ಚಿತ್ರಕ್ಕೂ ಶಸ್ತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 1994ರಲ್ಲಿ ನಾಲ್ವರು ವರ್ತಕರು ಗ್ರಾಮರ್ಸಿ ಪಾರ್ಕ್ ಹೋಟೆಲಿನ ಕೋಣೆಗಳಲ್ಲಿ ಆರಂಭಿಸಿದ ಈ ಮೇಳವು 1999ರಲ್ಲಿ ಲೆಕ್ಸಿಂಗ್ಟನ್ ಬೀದಿಯಲ್ಲಿರುವ 69ನೆಯ ರೆಜಿಮೆಂಟಿನ ಶಸ್ತ್ರಾಗಾರಕ್ಕೆ ಬಂದಿತು. ಅದೇ ಕಟ್ಟಡದಲ್ಲಿ 1913ರಲ್ಲಿ ನಡೆದಿದ್ದ ಪ್ರಸಿದ್ಧ ಪ್ರದರ್ಶನವೊಂದರ ಹೆಸರನ್ನು ತಾನೂ ಧರಿಸಿತು. ತರುವಾಯ ಮೇಳವು ಕಟ್ಟಡವನ್ನು ಬಿಟ್ಟಿತೇ ಹೊರತು ಹೆಸರನ್ನು ಬಿಡಲಿಲ್ಲ. ಹುಟ್ಟಿದೂರನ್ನು ಬಿಟ್ಟು ಮೂರು ತಲೆಯಾದರೂ ಊರ ಹೆಸರನ್ನು ಹೊತ್ತು ತಿರುಗುವ ಮನೆತನಗಳು ಎಲ್ಲ ದೇಶಗಳಲ್ಲಿಯೂ ಇವೆಯಷ್ಟೆ.

1913ರ ಆ ಮೂಲಪ್ರದರ್ಶನದ ಮಾತೆತ್ತಿದರೆ ಸಾಮಾನ್ಯವಾಗಿ ನಗೆಯ ಕಥೆಗಳೇ ಹೊರಡುವುವು. ಆದರೆ ನಗೆಯ ಹಿಂದೆ ಒಂದು ವ್ಯಾಜ್ಯವಿದ್ದಿತು; ಅದು ಸುಂಕದ ವ್ಯಾಜ್ಯ. 1909ರ ಕಾನೂನಿನ ಪ್ರಕಾರ, ಬರೆದು ಇಪ್ಪತ್ತು ವರ್ಷಗಳು ಮೀರಿದ ಚಿತ್ರವು ಪರದೇಶದಿಂದ ಬಂದರೆ ಸುಂಕವಿಲ್ಲ; ಅದಕ್ಕಿಂತ ಹೊಸತಾದರೆ ಬೆಲೆಯ ಮೇಲೆ ನೂರಕ್ಕೆ 15ರಂತೆ ತೆರಬೇಕು. ಕೋಟ್ಯಧೀಶನು ಹಳೆಯ ಮಹಾಚಿತ್ರಕಾರನ ಕೃತಿಯನ್ನು ಕೊಂಡು ತಂದರೆ ಬಿಡಿಕಾಸಿನ ಸುಂಕವಿಲ್ಲ. ಬಡ ರಸಿಕನು ಬದುಕಿರುವ ಚಿತ್ರಕಾರನೊಬ್ಬನ ಸಣ್ಣ ಪಟವನ್ನು ತಂದರೆ ಬಂದರಿನಲ್ಲಿ ಅಧಿಕಾರಿ ಕೈನೀಡುವನು. ಸತ್ತ ತಂದೆಗೆ ಶ್ರಾದ್ಧದಲ್ಲಿ ಭಕ್ಷ್ಯಭೋಜ್ಯ, ಬದುಕಿರುವ ತಾಯಿಗೆ ತಂಗುಳು ಎಂಬಂತಿತ್ತು ಆ ನ್ಯಾಯ.

1911ರ ಕೊನೆಯಲ್ಲಿ ಅಲ್ಲಿನ ಕೆಲವು ಚಿತ್ರಕಾರರು ಹಳೆಯ ಅಕಾಡೆಮಿಯ ಹಿಡಿತಕ್ಕೆ ಬೇಸತ್ತು ಸಂಘವೊಂದನ್ನು ಕಟ್ಟಿಕೊಂಡರು. ಆರ್ಥರ್ ಡೇವೀಸ್ ಅದರ ಅಧ್ಯಕ್ಷನಾದನು. ವಾಲ್ಟ್ ಕೂನ್ ಕಾರ್ಯದರ್ಶಿ. ಜರ್ಮನಿಯ ಕೊಲೋನ್ ನಗರದಲ್ಲಿ ನೂತನ ಕಲೆಯ ಮಹಾಪ್ರದರ್ಶನವೊಂದು ನಡೆಯುತ್ತಿರುವ ಸುದ್ದಿಯನ್ನು ಕೇಳಿ ಕೂನನು ಹಡಗು ಹತ್ತಿದನು. ಅವನು ಮುಟ್ಟಿದುದು 1912ರ ಸೆಪ್ಟೆಂಬರ್ 30ರಂದು, ಪ್ರದರ್ಶನದ ಕಡೆಯ ದಿನ. ಒಂದು ದಿನ ತಡವಾಗಿದ್ದರೆ ಮುಂದಿನ ಕಥೆ ಹೇಗಾಗುತ್ತಿತ್ತೋ! ಬಳಿಕ ಡೇವೀಸನೂ ಪ್ಯಾರಿಸಿಗೆ ಬಂದನು. ಅಲ್ಲಿದ್ದ ಅಮೆರಿಕದ ಚಿತ್ರಕಾರ ವಾಲ್ಟರ್ ಪ್ಯಾಕ್ ಇಬ್ಬರನ್ನೂ ಕಲಾವಿದರ ಮನೆಬಾಗಿಲುಗಳಿಗೆ ಕರೆದೊಯ್ದನು.

ಶಸ್ತ್ರಾಗಾರದ ಬಾಡಿಗೆ ತಿಂಗಳಿಗೆ 5,000 ಡಾಲರು. ಕವಾಯತಿನ ಆ ವಿಶಾಲವಾದ ಅಂಗಣವನ್ನು ಗೋಣಿಬಟ್ಟೆ ಹೊದಿಸಿದ ಅಡ್ಡತಟ್ಟಿಗಳಿಂದ 18 ಕೋಣೆಗಳಾಗಿ ವಿಂಗಡಿಸಿ, ಫೆಬ್ರವರಿ 17ರಂದು ಬಾಗಿಲು ತೆರೆದರು. ಮುನ್ನೂರಕ್ಕೂ ಹೆಚ್ಚು ಮಂದಿಯ ಸುಮಾರು 1,300 ಕೃತಿಗಳು. ಅವುಗಳಲ್ಲಿ ಮೂರರಲ್ಲೊಂದು ಪಾಲು ಯೂರೋಪಿನವು. ವ್ಯವಸ್ಥಾಪಕರ ಜಾಣ್ಮೆ ಒಂದನ್ನು ಹೇಳಲೇಬೇಕು. ಅವರು ಹೊಸಬರನ್ನು ಮಾತ್ರವೇ ತೋರಿಸಲಿಲ್ಲ. ಗೋಯಾ, ಆಂಗ್ರ್, ದೆಲಾಕ್ರ್ವಾ ಎಂಬ ಹಿಂದಿನವರಿಂದ ಮೊದಲುಮಾಡಿ ಸೆಜಾನ್, ಮಾತೀಸರವರೆಗೆ ವಂಶಾವಳಿಯನ್ನು ಓದಿಸುವಂತೆ ಸಾಲುಗೊಳಿಸಿದರು. ಹೊಸದು ಆಕಾಶದಿಂದ ಉದುರಿದುದಲ್ಲ, ಗೋತ್ರಪ್ರವರವುಳ್ಳದ್ದು ಎಂಬುದೇ ಅವರ ವಾದ.

ಜನರು ಮಾತ್ರ ವಂಶಾವಳಿಯನ್ನು ಓದಲಿಲ್ಲ. ಮಾರ್ಸೆಲ್ ದ್ಯೂಷಾಂ ಎಂಬ ಫ್ರೆಂಚ್ ತರುಣನ ‘ಸೋಪಾನವನ್ನಿಳಿಯುವ ನಗ್ನವ್ಯಕ್ತಿ’ ಎಂಬ ಪಟದ ಮುಂದೆ ಗುಂಪುಗೂಡಿದರು. ಅದರಲ್ಲಿ ನಗ್ನವ್ಯಕ್ತಿಯೂ ಕಾಣದು, ಸೋಪಾನವೂ ಸ್ಪಷ್ಟವಿಲ್ಲ. ಇಳಿಯುವ ಚಲನೆಯೊಂದೇ ಮರದ ಬಣ್ಣದ ಚಕ್ಕೆಗಳಾಗಿ ಹರಡಿದೆ. ಪತ್ರಿಕೆಯೊಂದು ಅದರಲ್ಲಿರುವ ವ್ಯಕ್ತಿಯನ್ನು ಹುಡುಕಿಕೊಟ್ಟವರಿಗೆ ಹತ್ತು ಡಾಲರುಗಳ ಬಹುಮಾನವನ್ನು ಸಾರಿತು. ವಿಷ್ಣುಧರ್ಮೋತ್ತರದ ಚಿತ್ರಸೂತ್ರವನ್ನು ಓದಿದವರಿಗೆ, ಚಲಿಸುವುದನ್ನು ಬರೆಯಬಲ್ಲವನನ್ನೇ ಆ ಗ್ರಂಥವು ಚಿತ್ರಜ್ಞನೆಂದು ಮನ್ನಿಸಿರುವುದು ಇಲ್ಲಿ ನೆನಪಾಗದಿರದು. ಈ ಪಟವನ್ನು ಪ್ಯಾರಿಸಿನ ಹೊಸಪಂಥದವರೇ ಹಿಂದಿನ ವರ್ಷ ತಮ್ಮ ಪ್ರದರ್ಶನದಲ್ಲಿ ಇದ್ದಂತೆ ಇಡಲೊಪ್ಪದೆ, ಹೆಸರು ಬದಲಿಸೆಂದು ಹೇಳಿಕಳುಹಿಸಿದ್ದರು. ಅವನು ಪಟವನ್ನೇ ಹಿಂದಕ್ಕೆ ಒಯ್ದಿದ್ದನು. ಸಾನ್ ಫ್ರಾನ್ಸಿಸ್ಕೋದ ವರ್ತಕನೊಬ್ಬನು ಅದನ್ನು ಕಣ್ಣಿನಿಂದ ನೋಡದೆಯೇ ತಂತಿ ಕಳುಹಿಸಿ 324 ಡಾಲರಿಗೆ ಕೊಂಡನು.

ಮಾರ್ಚ್ 4ರಂದು ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಬಂದನು. ಅವನನ್ನು ಸೋಲಿಸಿದ ವಿಲ್ಸನ್ನನು ವಾಷಿಂಗ್ಟನ್ನಿನಲ್ಲಿ ಅಧಿಕಾರ ವಹಿಸುತ್ತಿದ್ದುದು ಅದೇ ದಿನ! ದ್ಯೂಷಾಂನ ಪಟಕ್ಕಿಂತ ತನ್ನ ಸ್ನಾನಗೃಹದಲ್ಲಿರುವ ನವಾಹೋ ಜನರ ನೆಯ್ಗೆಯ ಜಮಖಾನವೇ ಲೇಸೆಂದು ಅವನು ಬರೆದನು. ಅದನ್ನು ಎಲ್ಲರೂ ಹೇಳುವರು. ಅದೇ ಲೇಖನದಲ್ಲಿ ಅವನು ವ್ಯವಸ್ಥಾಪಕರ ಸಾಹಸವನ್ನು ಮೆಚ್ಚಿರುವುದನ್ನು ಹೇಳುವವರು ಕಡಿಮೆ. ಬಳಿಕ ಪ್ರದರ್ಶನವು ಚಿಕಾಗೋ ನಗರಕ್ಕೆ ಹೋದಾಗ ಸುಮಾರು 1,88,000 ಜನ ನೋಡಿದರು. ಕಡೆಯ ದಿನ ಅಲ್ಲಿನ ಕಲಾಶಾಲೆಯ ವಿದ್ಯಾರ್ಥಿಗಳು ಮಾತೀಸನಿಗೆ ಹಾಸ್ಯದ ವಿಚಾರಣೆ ನಡೆಸಿ ಅವನ ಚಿತ್ರಗಳ ನಕಲುಗಳನ್ನು ಸುಟ್ಟರು. ಕಲಿಯುವವರೇ ಸುಟ್ಟುದು ಖೇದಕರ. ಬಾಸ್ಟನ್ನಿನಲ್ಲಿ ಹೆಚ್ಚಿನ ಗದ್ದಲವಾಗಲಿಲ್ಲ.

ಈ ಗದ್ದಲದ ನಡುವೆ ತನ್ನ ಕೆಲಸವನ್ನು ಮಾಡುತ್ತಿದ್ದವನು ಜಾನ್ ಕ್ವಿನ್. ಇವನು ಐರಿಷ್ ಮನೆತನದ ವಕೀಲ, ಸಂಘದ ಕಾನೂನು ಸಲಹೆಗಾರ. ಪ್ರದರ್ಶನದಲ್ಲಿ ಎಲ್ಲರಿಗಿಂತ ಹೆಚ್ಚು ಕೊಂಡವರಲ್ಲೊಬ್ಬನು. ಹೊಸ ಕಲೆಯ ಮೇಲಣ ಸುಂಕವನ್ನು ತೆಗೆಯಬೇಕೆಂದು ಅವನು ಕಾಂಗ್ರೆಸ್ಸಿನ ಮುಂದೆ ಪಟ್ಟುಹಿಡಿದು ವಾದಿಸಿದನು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವೇ ಸೆಜಾನನ ಗುಡ್ಡದ ಚಿತ್ರವೊಂದನ್ನು 6,700 ಡಾಲರಿಗೆ ಕೊಂಡಿದ್ದಿತು. ಸಾವಿರಾರು ಜನರು ಹಣ ತೆತ್ತು ನೋಡಿದುದನ್ನು ಕೇವಲ ಹುಚ್ಚಾಟವೆಂದು ತಳ್ಳಿಹಾಕುವುದು ಇನ್ನು ಸುಲಭವಾಗಿರಲಿಲ್ಲ. 1913ರ ಅಕ್ಟೋಬರ್ 3ರಂದು ಅಂಗೀಕೃತವಾದ ಸುಂಕದ ಕಾನೂನಿನಲ್ಲಿ ಹೊಸದು ಹಳೆಯದೆಂಬ ಭೇದ ಹೋಯಿತು. ಪ್ರದರ್ಶನವನ್ನು ನಡೆಸಿದ ಸಂಘವಾದರೋ ಒಳಜಗಳದಿಂದ ಮರುವರ್ಷವೇ ಒಡೆಯಿತು. ಮತ್ತೊಂದು ಪ್ರದರ್ಶನವನ್ನು ಅದು ಕಾಣಲಿಲ್ಲ.

ಆದರೆ ಕೃತಿಯ ವಯಸ್ಸನ್ನು ಕೇಳುವುದನ್ನು ಬಿಟ್ಟ ಅಧಿಕಾರಿಗಳು ಮತ್ತೊಂದು ಪ್ರಶ್ನೆಯನ್ನು ಹಿಡಿದರು: ಇದು ಕಲೆಯೇ? 1926ರಲ್ಲಿ ಶಿಲ್ಪಿ ಬ್ರಾಂಕುಸಿಯ ‘ಆಕಾಶದಲ್ಲಿ ಪಕ್ಷಿ’ ಎಂಬ ನಯವಾದ ಕಂಚಿನ ಶಿಲ್ಪವು ನ್ಯೂಯಾರ್ಕಿಗೆ ಬಂದಿತು. ಬ್ರಾಂಕುಸಿಯ ಶಿಲ್ಪಗಳು 1913ರಲ್ಲಿ ಶಸ್ತ್ರಾಗಾರದಲ್ಲಿದ್ದುವು. ಈ ಬಾರಿ ಸರಕಿನೊಡನೆ ಬಂದವನು ದ್ಯೂಷಾಂ! ಇದರಲ್ಲಿ ರೆಕ್ಕೆಯಿಲ್ಲ, ಕೊಕ್ಕಿಲ್ಲ, ಆದುದರಿಂದ ಇದು ಲೋಹದ ಸಾಮಾನು ಎಂದು ನಿರ್ಣಯಿಸಿ ನೂರಕ್ಕೆ 40ರಂತೆ ಸುಂಕವನ್ನು ಹಾಕಿದರು. ಕ್ವಿನ್ 1924ರಲ್ಲಿಯೇ ತೀರಿಕೊಂಡಿದ್ದನು. ಶಿಲ್ಪದ ಒಡೆಯನಾದ ಸ್ಟೈಕನ್ ಎಂಬ ಛಾಯಾಚಿತ್ರಕಾರನನ್ನು ನ್ಯಾಯಾಲಯದಲ್ಲಿ, ಕಾಡಿನಲ್ಲಿ ಇದು ಕಂಡರೆ ಹಕ್ಕಿಯೆಂದು ಗುಂಡು ಹಾರಿಸುವೆಯಾ ಎಂದು ಕೇಳಿದರಂತೆ; ಇಲ್ಲವೆಂದನು. ಹೋಲಿಕೆಯಿಲ್ಲದಿದ್ದರೂ ಇದು ವೃತ್ತಿಶಿಲ್ಪಿಯೊಬ್ಬನ ಸ್ವಂತ ಕೃತಿ, ನೋಡಲು ಸುಂದರ, ಕಲೆಯಲ್ಲಿ ಹೊಸ ಪಂಥವೊಂದು ಹುಟ್ಟಿರುವುದನ್ನು ನ್ಯಾಯಾಲಯವು ಗಮನಿಸಲೇಬೇಕು ಎಂದು 1928ರ ನವೆಂಬರಿನಲ್ಲಿ ತೀರ್ಪಾಯಿತು. ಹಕ್ಕಿಗೆ ಸುಂಕವಿಲ್ಲವೆಂದಾಯಿತು.