ಹುಸಿ ಕುಲುಮೆ ಕಲಿಸುವ ಪಾಠ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದೊಡನೆ ನೆನಪಾಗುವುದು ಸುಣ್ಣದಕಲ್ಲು. ಶಹಾಬಾದದಲ್ಲಿ ಅದು ನೆಲಕ್ಕೆ ಹಾಸುವ ಫರ್ಸಿ. 1968ರಿಂದ ಸಿಮೆಂಟ್ ತಯಾರಾಗುತ್ತಿರುವ ವಾಡಿಯಲ್ಲಿ ಕಾರ್ಖಾನೆಯ ಕಚ್ಚಾವಸ್ತು. ಪುಡಿಯಾದ ಕಲ್ಲು ಕಿಲ್ನ್ ಎಂಬ ತಿರುಗುವ ಕುಲುಮೆಯಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಕ್ಲಿಂಕರ್ ಆಗುತ್ತದೆ. ಶಾಖ ಸಾಲದಿದ್ದರೆ ಕಲ್ಲು ಸರಿಯಾಗಿ ಬೇಯದು. ಮಿತಿಮೀರಿದರೆ ಒಳಗೋಡೆಯ ಇಟ್ಟಿಗೆಯೇ ಹಾಳಾಗುತ್ತದೆ. ಇಂಥ ಕುಲುಮೆಯ ಮೇಲೆ ಹೊಸಬನೊಬ್ಬ ಕೈ ಪಳಗಿಸಿಕೊಳ್ಳುವುದು ಹೇಗೆ?

ಸಿಮೆಂಟ್ ಉದ್ಯಮ ಕಂಡುಕೊಂಡ ಉತ್ತರಗಳಲ್ಲಿ ಸಿಮ್ಯುಲೇಷನ್ ಒಂದು. ಕುಲುಮೆಯ ಶಾಖ, ಗಾಳಿ, ಇಂಧನಗಳ ಸಂಬಂಧವನ್ನು ಲೆಕ್ಕದಲ್ಲಿ ಹಿಡಿದು, ಅದರಂತೆಯೇ ವರ್ತಿಸುವ ಹುಸಿ ಕುಲುಮೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಅಲ್ಲಿ ತಪ್ಪು ಮಾಡಿದರೆ ಇಟ್ಟಿಗೆ ಕೆಡುವುದಿಲ್ಲ, ಪಾಠ ಮಾತ್ರ ಉಳಿಯುತ್ತದೆ.

ಈ ಉಪಾಯ ಹೊಸದಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನೆಲದ ಮೇಲೆಯೇ ವಿಮಾನ ಹಾರಾಟ ಕಲಿಸುವ ಯಂತ್ರ ರೂಪಿಸಿದ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಮ್, ಗೆಲುವಿನ ಸಾಧ್ಯತೆಯನ್ನು ಸೂತ್ರದಿಂದ ತೆಗೆಯುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭವೆಂದು ಕಂಡುಕೊಂಡ. ಮಾಂಟೆ ಕಾರ್ಲೊ ವಿಧಾನ ಹುಟ್ಟಿದ್ದು ಹಾಗೆ. ಇಂದು ಬ್ಯಾಂಕು, ಆಸ್ಪತ್ರೆ, ರೈಲ್ವೆ, ಹವಾಮಾನ ಇಲಾಖೆಗಳೆಲ್ಲ ಒಂದಲ್ಲ ಒಂದು ಬಗೆಯ ಸಿಮ್ಯುಲೇಷನ್ನನ್ನು ಬಳಸುತ್ತವೆ.

ಎಲ್ಲದರ ಹಿಂದೆಯೂ ಇರುವುದು ಗಣಿತ. ಸೇಡಂ ತಾಲ್ಲೂಕಿನ ಮಳಖೇಡ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸಂಗೀತ, ವೈದ್ಯ, ವಾಸ್ತು, ಅಡುಗೆಗೂ ಗಣಿತ ಬೇಕೆಂಬುದು ಅವನ ನಿಲುವು. ಸಿಮ್ಯುಲೇಷನ್ ಅವನಿಗೆ ಗೊತ್ತಿರಲಿಲ್ಲ, ನಿಜ. ಆದರೆ ಲೋಕವ್ಯವಹಾರವೆಲ್ಲ ಲೆಕ್ಕಕ್ಕೆ ಸಿಕ್ಕೀತೆಂಬ ನಂಬಿಕೆಯ ಮೇಲೆಯೇ ಅದೂ ನಿಂತಿದೆ.

ಈ ನಂಬಿಕೆಗೂ ಮಿತಿಯುಂಟು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಭೂಮಿ ಮೇಲಿಂದ ಮೇಲೆ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿದರು. ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳೇ ಕುಸಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿದ್ದವು. ಮುಂದಿನ ಕಂಪನ ಯಾವ ದಿನವೆಂದು ಯಾವ ಸಿಮ್ಯುಲೇಷನ್ನೂ ಹೇಳಲಾರದು. ಎಂಥ ಗೋಡೆ ಎಷ್ಟು ನಡುಕ ತಡೆದೀತು, ಎಲ್ಲಿ ಬಿಗಿ ಕೊಟ್ಟರೆ ಉಳಿದೀತು ಎಂಬುದನ್ನು ಮಾತ್ರ ಅಂದಾಜು ಮಾಡಿಕೊಟ್ಟೀತು. ಅದಕ್ಕೂ ಮೊದಲು ಯಾರಾದರೂ ಊರಿಗೆ ಹೋಗಿ ಆ ಗೋಡೆಯನ್ನು ಅಳೆದು ಬರಬೇಕು. ಅಳೆಯದ ಮನೆಯನ್ನು ಯಾವ ಕಂಪ್ಯೂಟರೂ ಕಾಯಲಾರದು.