ಮುದ್ರೆ ಮತ್ತು ಹೆಬ್ಬೆರಳು



ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಮುದ್ರಾಧ್ಯಕ್ಷ’ನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷಕ ತೆತ್ತವರಿಗೆ ಆತ ಮುದ್ರೆ ಕೊಡುತ್ತಾನೆ. ಮುದ್ರೆಯುಳ್ಳವನು ನಾಡನ್ನು ಹೊಗಬಹುದು, ಬಿಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ 12 ಪಣ ದಂಡ. ಕಳ್ಳಮುದ್ರೆಗೆ ಶಿಕ್ಷೆ ಇನ್ನೂ ಕಠಿಣ.

ಆ ಮುದ್ರೆ ಕೈಯಲ್ಲಿ ಹಿಡಿದು ತೋರಿಸುವ ವಸ್ತುವಾಗಿತ್ತು. ಕೈಯೇ ಮುದ್ರೆಯಾದದ್ದು ಬಹಳ ಈಚೆಗೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಕರಾರುಪತ್ರವೊಂದರ ಮೇಲೆ ಗುತ್ತಿಗೆದಾರನ ಅಂಗೈಯನ್ನು ಒತ್ತಿಸಿಕೊಂಡನು. ಅರ್ಧ ಶತಮಾನ ಕಳೆಯುವಷ್ಟರಲ್ಲಿ, 1907ರಲ್ಲಿ, ಟ್ರಾನ್ಸ್‌ವಾಲ್ ಸರ್ಕಾರ ಅಲ್ಲಿನ ಭಾರತೀಯರಿಂದ ಬೆರಳಚ್ಚನ್ನು ಬಲವಂತವಾಗಿ ಕೇಳಿತು. ಗಾಂಧೀಜಿ ಎದುರು ನಿಂತರು.

2025ರ ಜನವರಿಯಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಹೊಸ ವ್ಯವಸ್ಥೆ ಬಂದಿತು. ಮೊದಲೇ ನೋಂದಾಯಿಸಿಕೊಂಡು ಬೆರಳಚ್ಚು, ಮುಖಚಿತ್ರ ಕೊಟ್ಟ ಪ್ರಯಾಣಿಕನಿಗೆ ಯಂತ್ರವೇ ಬಾಗಿಲು ತೆರೆಯುತ್ತದೆ. ಸೌಕರ್ಯ ನಿಜ. ಆದರೆ ಕಳೆದ ಮುದ್ರೆಗೆ ಬದಲು ಮುದ್ರೆ ಮಾಡಿಸಬಹುದು. ಗಾರೆ ಕಲಸಿ ಸವೆದ ಹೆಬ್ಬೆರಳಿಗೆ ಬದಲೆಲ್ಲಿ? ಯಂತ್ರ ಒಲ್ಲೆನೆಂದಾಗ ಕೇಳಿ ವಿಚಾರಿಸುವ ಮನುಷ್ಯನೊಬ್ಬ ಬಾಗಿಲ ಬಳಿ ಇರಲೇಬೇಕೆಂದು ನಾನು ನಂಬಿದ್ದೇನೆ. ಕೌಟಿಲ್ಯ ದಂಡ ವಿಧಿಸಿದ್ದು ಮುದ್ರೆ ಪಡೆಯದವನಿಗೆ, ಕಳ್ಳಮುದ್ರೆ ತಂದವನಿಗೆ. ದುಡಿದು ಬೆರಳು ಸವೆಸಿಕೊಂಡವನು ಈ ಎರಡೂ ಅಲ್ಲ.