ಬೂದಿಕೋಟೆಗೆ ಚೀನಾ ಎಷ್ಟು ದೂರ?

ಹೈದರಾಲಿ ಹುಟ್ಟಿದ ಊರೆಂದು ಬೂದಿಕೋಟೆಯ ಹೆಸರು ಚರಿತ್ರೆಯ ಪುಸ್ತಕಗಳಲ್ಲಿದೆ. ಆದರೆ ಹಿಪ್ಪುನೇರಳೆ ಬೆಳೆಯುವ ನಮ್ಮ ಕೋಲಾರ ಸೀಮೆಯ ರೈತನ ಬದುಕಿಗೆ ಹೈದರನಿಗಿಂತ ಅವನ ಮಗ ಟಿಪ್ಪು ಹತ್ತಿರದವನು. 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರು ರಾಜ್ಯದಲ್ಲಿ ಸಾಕಲು ಏರ್ಪಾಡು ಮಾಡಿದವನು ಅವನೇ. ರೇಷ್ಮೆಯ ತವರುಮನೆ ಮಾತ್ರ ಚೀನಾ.

ಆ ತವರಿನ ಸುದ್ದಿ ಇಂದಿಗೂ ಗೂಡಿನ ಮಾರುಕಟ್ಟೆಗೆ ಬರುತ್ತಲೇ ಇರುತ್ತದೆ. ಹರಾಜು ಬಿದ್ದ ದಿನ ರೈತ, ರೀಲರು ಇಬ್ಬರೂ ಆಡುವ ಮಾತು ಒಂದೇ: ‘ಚೀನಾ ಮಾಲು ಬಂದಿರಬೇಕು ಸಾಬ್ರೇ.’ 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಬೇಕಾಯಿತು. ನಮ್ಮ ಒಲೆ ಉರಿಯುವುದೂ ಆರುವುದೂ ಆ ದೇಶದ ಮೇಲೆ ನಿಂತಿರುವಾಗ, ಅದನ್ನು ಓದಿ ತಿಳಿದವರು ನಮ್ಮಲ್ಲಿ ಎಷ್ಟು ಮಂದಿ?

ತಿಳಿಯುವ ಹಂಬಲ ಹೊಸದೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ಬಂದ ತಾಳೆಗರಿಯ ಕಟ್ಟೊಂದನ್ನು ಆರ್. ಶಾಮಾಶಾಸ್ತ್ರಿಗಳು ಓದಿ, 1909ರಲ್ಲಿ ಅಚ್ಚು ಹಾಕಿಸಿದರು. ಅದೇ ಕೌಟಿಲ್ಯನ ಅರ್ಥಶಾಸ್ತ್ರ. ಅದರಲ್ಲಿ ‘ಚೀನಪಟ್ಟ’ ಎಂಬ ರೇಷ್ಮೆಯ ಮಾತು ಬರುತ್ತದೆ.

ಚೀನಾದ ಅಧ್ಯಯನಕ್ಕೆಂದೇ ಒಂದು ಮನೆ ಕಟ್ಟಿಸಿದವರು ರವೀಂದ್ರನಾಥ ಠಾಕೂರರು. ಹುನಾನ್ ಪ್ರಾಂತ್ಯದ ತಾನ್ ಯುನ್‌ಶಾನ್ ಎಂಬ ತರುಣ 1927ರಲ್ಲಿ ಸಿಂಗಪುರದಲ್ಲಿ ಅವರನ್ನು ಕಂಡು, ಮರುವರ್ಷ ಶಾಂತಿನಿಕೇತನಕ್ಕೆ ಬಂದರು. ಚೀನಾದಲ್ಲಿ ಓಡಾಡಿ ಹಣವನ್ನೂ ಪುಸ್ತಕಗಳನ್ನೂ ಕೂಡಿಸಿದರು. 1937ರ ಏಪ್ರಿಲ್ 14ರಂದು ‘ಚೀನಾ ಭವನ’ ತೆರೆಯಿತು. ಕಾಯಿಲೆ ಬಿದ್ದ ನೆಹರೂ ಬರಲಾಗದೆ ಮಗಳು ಇಂದಿರಾರ ಕೈಯಲ್ಲಿ ಸಂದೇಶ ಕಳಿಸಿದ್ದರು. ಭಾರತದ ಮೂಲ ಕಳೆದುಹೋಗಿ ಚೀನೀ ಅನುವಾದದಲ್ಲಷ್ಟೇ ಉಳಿದ ಬೌದ್ಧ ಗ್ರಂಥಗಳನ್ನು ಮರಳಿ ಸಂಸ್ಕೃತಕ್ಕೆ ತರುವ ಕೆಲಸವೂ ಅಲ್ಲಿ ನಡೆಯಿತು. ನಾವು ಕಳೆದುಕೊಂಡದ್ದನ್ನು ನೆರೆಮನೆಯವರು ಜೋಪಾನ ಮಾಡಿಟ್ಟಿದ್ದರು.

1962ರಲ್ಲಿ ಯುದ್ಧವಾಯಿತು. ತಲೆಮಾರುಗಳಿಂದ ಇಲ್ಲೇ ಬಾಳಿದ್ದ ಸುಮಾರು 3000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಮುಖ ನೋಡಿ ನಿಷ್ಠೆ ಅಳೆಯುವ ಆ ರೋಗದ ನೋವು ಬಲ್ಲವರೇ ಬಲ್ಲರು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನ ಕೇಂದ್ರ ಶುರುವಾಯಿತು. ಠಾಕೂರರ ಭವನ ಹುಟ್ಟಿದ್ದು ಸ್ನೇಹದಿಂದ. ಯುದ್ಧದ ನಂತರ ಚೀನಾದ ಓದಿಗೆ ಗಡಿಯ ಚಿಂತೆಯೂ ಸೇರಿಕೊಂಡಿತು. ತಾನ್ ಯುನ್‌ಶಾನ್ ಭಾರತ ಬಿಡಲಿಲ್ಲ. 1983ರಲ್ಲಿ ಬೋಧಗಯೆಯಲ್ಲಿ ಕಣ್ಣುಮುಚ್ಚಿದರು. ಅವರ ಮಗ ತಾನ್ ಚುಂಗ್ ದೆಹಲಿಯಲ್ಲಿ ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ಚೀನೀ ಕಲಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಗಡಿಯ ಲೆಕ್ಕ ಬೇಕು, ಬೇಡವೆನ್ನಲಾಗದು. ಅದರ ಜೊತೆಗೆ ಅಲ್ಲಿನ ರೈತ ಹುಳುವಿಗೆ ಏನು ಉಣಿಸುತ್ತಾನೆ, ಗೂಡಿಗೆ ಎಷ್ಟು ಪಡೆಯುತ್ತಾನೆ, ಅವನ ಮಕ್ಕಳು ಕಸುಬು ಬಿಟ್ಟು ಪೇಟೆಗೆ ಹೋದರೇ ಎಂಬುದನ್ನೂ ಯಾರಾದರೂ ಓದಿ ಕನ್ನಡದಲ್ಲಿ ಹೇಳಬೇಕು. ಹಾಗೆ ಹೇಳುವ ಹುಡುಗನೋ ಹುಡುಗಿಯೋ ನಮ್ಮ ಬೂದಿಕೋಟೆ ಕಡೆಯ ಶಾಲೆಯಲ್ಲೇ ಈಗ ಅಕ್ಷರ ತಿದ್ದುತ್ತಿರಬಹುದು. ಅವರಿಗೆ ಆ ದಾರಿ ತೋರಿಸುವವರು ಬೇಕು.